ಗುಂಡಪ್ಪನನ್ನು ಎಳೆದ ಹದಿನಾಲ್ಕು ವರ್ಷ

ನಮ್ಮ ಸೋದರಮಾವ ಸೇನೆಯಲ್ಲಿ ಟ್ಯಾಂಕ್ ಸಾಗಿಸುವ ಲಾರಿಯ ಚಾಲಕರಾಗಿದ್ದರು. ಲಾರಿ ಎಂದರೆ ಅಂಗಡಿಗೆ ಸಿಮೆಂಟು ಇಳಿಸಲು ಬರುತ್ತದಲ್ಲ, ಆ ಲಾರಿಯಲ್ಲ. ಮುಂದೆ ಎಳೆಯುವ ಗಾಡಿಗೇ ಎಂಟು ಚಕ್ರ, ಒಂದೊಂದು ಚಕ್ರವೂ ಮಾವನ ಎದೆಯ ಎತ್ತರ. ಅದರ ಹಿಂದೆ ಉದ್ದನೆಯ ಟ್ರೈಲರು, ಅದಕ್ಕೆ ನಲವತ್ತು ಟಯರು. ಟ್ರೈಲರಿನ ಬಾಲದಲ್ಲಿ ಎರಡು ಕಬ್ಬಿಣದ ಏರುಹಲಗೆಗಳು. ಅವನ್ನು ನೆಲಕ್ಕೆ ಇಳಿಸಿದರೆ ಟ್ಯಾಂಕು ಅವುಗಳ ಮೇಲೆ ಹತ್ತಿ ಬಂದು ಕೂರಬೇಕು. ಈ ಲಾರಿ ನಮ್ಮ ಬೀದಿಗೆ ಒಮ್ಮೆಯೂ ಬರಲಿಲ್ಲ. ಬಂದಿದ್ದರೆ ಬೀದಿ ಉಳಿಯುತ್ತಿರಲಿಲ್ಲ.

ಟ್ಯಾಂಕು ತಾನೇ ಓಡಬಲ್ಲದಲ್ಲ, ಅದಕ್ಕೆ ಮತ್ತೊಂದು ಲಾರಿ ಯಾಕೆ ಎಂದು ಕೇಳುವವರಿದ್ದಾರೆ. ಓಡಬಲ್ಲದು, ನಿಜ. ಆದರೆ ಅದರ ಕಬ್ಬಿಣದ ಪಟ್ಟಿ ಡಾಂಬರು ರಸ್ತೆಯನ್ನು ಹೊಲದ ಹಾಗೆ ಉತ್ತುಬಿಡುತ್ತದೆ. ಪಟ್ಟಿಯೂ ಸವೆಯುತ್ತದೆ, ಎಂಜಿನ್ನೂ ಬಳಲುತ್ತದೆ. ಆದ್ದರಿಂದ ಯುದ್ಧ ಮಾಡಬೇಕಾದ ಟ್ಯಾಂಕನ್ನು ಯುದ್ಧದ ಹೊಸ್ತಿಲವರೆಗೂ ಹೊತ್ತುಕೊಂಡೇ ಹೋಗಬೇಕು. ಮಾವ ಮಾಡುತ್ತಿದ್ದದ್ದು ಈ ಕೆಲಸ ಎಂದು ನಾವೆಲ್ಲ ನಂಬಿದ್ದೆವು.

ಬೀದಿಯಲ್ಲಿ ಅವರಿಗೆ ಟ್ಯಾಂಕ್ ಸಾಹೇಬರು ಎಂದೇ ಹೆಸರು. ಕ್ಷೌರದಂಗಡಿಯವನು ಅವರ ಕೆನ್ನೆಗೆ ನೊರೆ ಹಚ್ಚುತ್ತ ಪ್ರತಿ ವಾರವೂ ವಿಚಾರಿಸುತ್ತಿದ್ದ.

"ಸಾಹೇಬ್ರೇ, ಈ ವಾರ ಎಷ್ಟು ಟ್ಯಾಂಕ್ ಸಾಗಿಸಿದ್ರಿ?"

"ಒಂದು."

"ಹೋದ ವಾರ?"

"ಒಂದು."

"ಎಲ್ಲಿಗೆ ತಗೊಂಡು ಹೋದ್ರಿ ಅಂತ ಕೇಳಬಾರದು, ಅಲ್ವಾ?"

"ಕೇಳಬಾರದು."

ಕಾಯುತ್ತ ಕುಳಿತವರು ಪತ್ರಿಕೆ ಕೆಳಗಿಟ್ಟು ಮಾವನನ್ನು ನೋಡುತ್ತಿದ್ದರು. ಇಷ್ಟು ಕಡಿಮೆ ಮಾತಾಡುವ ಮನುಷ್ಯನ ಹೊಟ್ಟೆಯಲ್ಲಿ ಎಷ್ಟು ಗುಟ್ಟಿರಬೇಡ ಎಂದು ಅವರ ಲೆಕ್ಕ. ಮಾವನ ಹೊಟ್ಟೆಯಲ್ಲಿ ಇದ್ದದ್ದು ಒಂದೇ ಗುಟ್ಟು. ಅವರು ಜೀವಮಾನದಲ್ಲಿ ಒಂದು ಟ್ಯಾಂಕನ್ನೂ ಸಾಗಿಸಿರಲಿಲ್ಲ.

ಆ ಘಟಕವೇ ಈಗ ಮುಚ್ಚಿದೆ, ಆದ್ದರಿಂದ ಇದನ್ನು ಬರೆಯಬಹುದು ಎಂದು ಮಾವ ಒಪ್ಪಿದ್ದಾರೆ. ಅವರು ಹೇಳಿದ್ದನ್ನೂ ಅತ್ತೆ ಹೇಳಿದ್ದನ್ನೂ ಬೇರೆಬೇರೆಯಾಗಿ ಕೇಳಿಕೊಂಡು, ಎರಡೂ ಹೊಂದಿದ ಕಡೆ ಮಾತ್ರ ಬರೆಯುತ್ತಿದ್ದೇನೆ.

ಮಾವ ಈ ಘಟಕಕ್ಕೆ ವರ್ಗವಾಗಿ ಬಂದ ವರ್ಷವೇ ಅಲ್ಲಿದ್ದ ಟ್ಯಾಂಕುಗಳನ್ನೆಲ್ಲ ದೇಶದ ಇನ್ನೊಂದು ತುದಿಗೆ ಕಳುಹಿಸಿದರು. ಆ ತುದಿಯಲ್ಲಿ ಟ್ಯಾಂಕುಗಳಾದವು, ಲಾರಿ ಇರಲಿಲ್ಲ. ಈ ತುದಿಯಲ್ಲಿ ಲಾರಿಗಳು ಉಳಿದವು, ಟ್ಯಾಂಕು ಇರಲಿಲ್ಲ. ಇದನ್ನು ಸಮತೋಲನ ಎಂದು ಆದೇಶದಲ್ಲಿ ಕರೆದಿದ್ದರು. ಆದರೆ ವರ್ಷಕ್ಕೆ ಇಷ್ಟು ಕಿಲೋಮೀಟರು ಭಾರ ಹೊತ್ತು ಓಡದ ಲಾರಿಗಳನ್ನು ವಾಪಸು ತೆಗೆದುಕೊಳ್ಳಬೇಕು ಎಂದು ಇನ್ನೊಂದು ನಿಯಮವಿತ್ತು. ಲಾರಿ ಹೋದರೆ ಘಟಕ ಹೋಗುತ್ತದೆ, ಘಟಕ ಹೋದರೆ ದೊಡ್ಡ ಸಾಹೇಬರ ಬಂಗಲೆ ಹೋಗುತ್ತದೆ, ಹೆಡ್ ಗುಮಾಸ್ತರ ಕುರ್ಚಿ ಹೋಗುತ್ತದೆ, ಅಡುಗೆಯವರು, ಕಾವಲಿನವರು, ಮಾವ, ಎಲ್ಲರೂ ಹೋಗುತ್ತಾರೆ.

ಹೆಡ್ ಗುಮಾಸ್ತರು ತಲೆ ಓಡಿಸಿದರು. ಟ್ರೈಲರಿನ ಮೇಲೆಯೇ ಹಲಗೆಯ ಅಚ್ಚು ಕಟ್ಟಿಸಿ, ಒಳಗೆ ಕಬ್ಬಿಣದ ಸರಳು ನಿಲ್ಲಿಸಿ, ಒಂದು ಟ್ಯಾಂಕಿನ ತೂಕದಷ್ಟು ಕಾಂಕ್ರೀಟು ಸುರಿಸಿದರು. ಅದು ಗಟ್ಟಿಯಾದ ಮೇಲೆ ಹಸಿರು ಬಳಿದು, ಮೇಲೆ ಟಾರ್ಪಾಲು ಹೊದಿಸಿದರು. ಕಾಗದದಲ್ಲಿ ಅದರ ಹೆಸರು 'ತಾತ್ಕಾಲಿಕ ಭಾರ'. ಚಾಲಕರು ಅದನ್ನು ಗುಂಡಪ್ಪ ಎಂದು ಕರೆದರು.

ತಾತ್ಕಾಲಿಕ ಗುಂಡಪ್ಪ ಹದಿನಾಲ್ಕು ವರ್ಷ ಇದ್ದ. ವಾರಕ್ಕೊಮ್ಮೆ ಮಾವ ಅವನನ್ನು ಶಿಬಿರದಿಂದ ರೈಲಿನ ಗೂಡ್ಸ್ ಕಟ್ಟೆಯವರೆಗೆ ಎಳೆದುಕೊಂಡು ಹೋಗಿ, ಕಟ್ಟೆಗೆ ಒಂದು ಸುತ್ತು ಹಾಕಿ, ತಿರುಗಿ ಕರೆತರುತ್ತಿದ್ದರು. ಲಾಗ್ ಪುಸ್ತಕದಲ್ಲಿ 'ಸಾಗಿಸಿದ ಟ್ಯಾಂಕಿನ ಸಂಖ್ಯೆ' ಎಂಬ ಕಾಲಮ್ಮಿತ್ತು, ಕಾಂಕ್ರೀಟಿಗೆ ಕಾಲಮ್ಮಿರಲಿಲ್ಲ. ಹೆಡ್ ಗುಮಾಸ್ತರು ಎಂದೋ ಗುಜರಿಗೆ ಹೋದ ಟ್ಯಾಂಕಿನ ಸಂಖ್ಯೆಯೊಂದನ್ನು ಅಲ್ಲಿ ತುಂಬಿಸಿದರು.

ಸಂಖ್ಯೆ ಬಂದ ಮೇಲೆ ಗುಂಡಪ್ಪನಿಗೆ ಬಾಳು ಬಂತು. ಮೇಲಿನ ಕಚೇರಿಯಿಂದ ಅವನ ಫಿರಂಗಿಗೆ ಹಚ್ಚಲು ಎಣ್ಣೆಯ ಡಬ್ಬಗಳು ಬರತೊಡಗಿದವು. ಎಣ್ಣೆ ಬಂದ ಮೇಲೆ ಫಿರಂಗಿ ಇಲ್ಲದಿದ್ದರೆ ಹೇಗೆ ಎಂದು ಒಂದು ಚರಂಡಿಯ ಕೊಳವೆಯನ್ನು ಟಾರ್ಪಾಲಿನಡಿ ಸಿಕ್ಕಿಸಿದರು. ನಾಲ್ಕು ಜನ ಸಿಬ್ಬಂದಿಯನ್ನು ಅವನ ಹೆಸರಿಗೆ ನೇಮಿಸಿದರು. ಇಬ್ಬರು ದೊಡ್ಡ ಸಾಹೇಬರ ಹೂದೋಟದಲ್ಲಿ, ಒಬ್ಬ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಿದ್ದರು. ನಾಲ್ಕನೆಯವನನ್ನು ಯಾರೂ ನೋಡಿರಲಿಲ್ಲ. ವಾರ್ಷಿಕ ತಪಾಸಣೆಯಲ್ಲಿ ಗುಂಡಪ್ಪನ ಗುರಿ 'ತೃಪ್ತಿಕರ' ಎಂದು ಬರೆಯಲಾಗುತ್ತಿತ್ತು. ಆರನೆಯ ವರ್ಷ ಅತಿ ಕಡಿಮೆ ಇಂಧನ ಬಳಸಿದ ಟ್ಯಾಂಕಿಗೆ ಕೊಡುವ ಫಲಕವೂ ಅವನಿಗೇ ಬಂತು.

ಇದೆಲ್ಲ ಹೊರಗೆ ಬೀಳಬಾರದಲ್ಲ. ಚಾಲಕರಿಂದ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡಿದ್ದರು. ಭಾರದ ಸ್ವರೂಪವನ್ನು 'ಪತ್ನಿ, ಮಕ್ಕಳು, ನೆಂಟರು ಹಾಗೂ ಶತ್ರುಗಳಿಗೆ' ತಿಳಿಸಕೂಡದು ಎಂದು ಅದರಲ್ಲಿತ್ತು. ಶತ್ರು ಕೊನೆಯಲ್ಲಿದ್ದ, ಅತ್ತೆ ಮೊದಲಿದ್ದರು.

ಮಾವನಿಗೆ ಇದು ಒಳಗೇ ಕೊರೆಯುತ್ತಿತ್ತು. ತರಬೇತಿಯ ಕಾಲದಲ್ಲಿ ಅವರು ಟ್ಯಾಂಕ್ ಹೇರುವುದನ್ನು ಒಮ್ಮೆ ನೋಡಿದ್ದರು, ಅದೂ ನಲವತ್ತು ತಲೆಗಳ ಹಿಂದಿನಿಂದ. ಆಗ ಕೊಟ್ಟ ಕೈಪಿಡಿಯನ್ನು ಮಾತ್ರ ಅವರು ಬಿಟ್ಟಿರಲಿಲ್ಲ. ರಟ್ಟು ಹರಿದಾಗ ಎರಡು ಸಲ ಹೊಸ ರಟ್ಟು ಹಾಕಿದ್ದರು. ಟ್ಯಾಂಕು ಟ್ರೈಲರಿನ ನಡುಗೆರೆಯಿಂದ ಮೂರು ಬೆರಳಿಗಿಂತ ಹೆಚ್ಚು ಸರಿದಿರಬಾರದು. ಎಂಟು ಸರಪಳಿಗಳನ್ನು ಅಡ್ಡಡ್ಡ ಹಾಯಿಸಿ ಬಿಗಿಯಬೇಕು. ಹೊರಟ ಐದನೆಯ ಕಿಲೋಮೀಟರಿಗೆ ನಿಲ್ಲಿಸಿ ಮತ್ತೆ ಬಿಗಿಯಬೇಕು, ಆಮೇಲೆ ಹದಿನೈದಕ್ಕೊಮ್ಮೆ, ಪ್ರತಿ ದೊಡ್ಡ ಇಳಿಜಾರಿಗೆ ಮುಂಚೆ ಇನ್ನೊಮ್ಮೆ. ಯಾಕೆಂದರೆ ಟ್ಯಾಂಕಿಗೂ ಅದರದೇ ಸ್ಪ್ರಿಂಗುಗಳಿವೆ. ಲಾರಿ ಕುಲುಕಿದಾಗ ಅದು ಕೂತಲ್ಲೇ ಏಳುತ್ತದೆ, ಕೂರುತ್ತದೆ, ಸರಪಳಿ ಸಡಿಲವಾಗುತ್ತದೆ. ಕಾಂಕ್ರೀಟಿನ ಗುಂಡಪ್ಪ ಏಳುವವನೂ ಅಲ್ಲ, ಕೂರುವವನೂ ಅಲ್ಲ. ಅವನಿಗೆ ಸರಪಳಿಯೇ ಬೇಕಿರಲಿಲ್ಲ.

ಕಲಿತ ವಿದ್ಯೆಯನ್ನು ಮಾವ ಮನೆಯ ಸಾಮಾನಿನ ಮೇಲೆ ತೀರಿಸಿಕೊಳ್ಳುತ್ತಿದ್ದರು. ಒಮ್ಮೆ ಮನೆ ಬದಲಿಸಿದಾಗ ತಮ್ಮ ಕಬ್ಬಿಣದ ಬೀರುವನ್ನು ಬಾಡಿಗೆ ಗಾಡಿಗೆ ಎಂಟು ಹಗ್ಗ ಹಾಕಿ ಕಟ್ಟಿದ್ದರು. ಎರಡು ಬೀದಿ ದಾಟುವುದರೊಳಗೆ ಗಾಡಿ ನಿಲ್ಲಿಸಿ ಕೆಳಗಿಳಿದರು.

"ಏನಾಯ್ತು ರೀ?" ಎಂದು ಅತ್ತೆ ಕೇಳಿದರು.

"ಬಿಗಿ ನೋಡಬೇಕು."

"ಬೀರು ಏನು ಓಡಿ ಹೋಗುತ್ತಾ? ಅದಕ್ಕೆ ಬೀಗ ಬೇರೆ ಹಾಕಿದ್ದೀವಿ!"

ಗಾಡಿಯವನು ನಕ್ಕ. ಮಾವ ನಗಲಿಲ್ಲ, ಎಂಟೂ ಗಂಟುಗಳನ್ನು ಮುಟ್ಟಿ ನೋಡಿದರು.

ನಿವೃತ್ತಿಗೆ ಮೂರು ತಿಂಗಳಿರುವಾಗ ಆದೇಶ ಬಂತು. ಸೇನೆಯ ದಿನಾಚರಣೆಗೆ ಮಂತ್ರಿಗಳು ಬರುತ್ತಾರೆ. ಅವರು ಟ್ಯಾಂಕಿನ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳಬೇಕಂತೆ. ಅದಕ್ಕಾಗಿ ಒಂದು ನಿಜವಾದ ಟ್ಯಾಂಕು ರೈಲಿನಲ್ಲಿ ಬರುತ್ತದೆ. ಗೂಡ್ಸ್ ಕಟ್ಟೆಯಿಂದ ಮೂವತ್ತೆಂಟು ಕಿಲೋಮೀಟರು ದೂರದ ಮೈದಾನಕ್ಕೆ ಅದನ್ನು ಬೆಳಿಗ್ಗೆ ಹನ್ನೊಂದರೊಳಗೆ ಸಾಗಿಸಬೇಕು. ಚಾಲಕರ ಮನೆಯವರಿಗೂ ಮೈದಾನದ ಡೇರೆಯಲ್ಲಿ ಕುರ್ಚಿ.

ಮಾವ ಆ ದಿನ ಮನೆಗೆ ಬಂದು ಎರಡು ಲೋಟ ನೀರು ಕುಡಿದು, ಆಮಂತ್ರಣದ ಕಾರ್ಡನ್ನು ಅತ್ತೆಯ ಕೈಗಿಟ್ಟರಂತೆ.

"ಬರ್ತೀಯಾ?"

"ಇಷ್ಟು ವರ್ಷಕ್ಕೆ ಒಂದು ಸಲ ಕರೆದಿದ್ದೀರಿ, ಬರದೇ ಇರ್ತೀನಾ! ನಿಮ್ಮ ಟ್ಯಾಂಕ್ ಹೇಗಿರುತ್ತೆ ಅಂತ ನಾನೂ ನೋಡಬೇಡ್ವಾ?"

ಮಾವ ಹತ್ತಿರದ ಕುರ್ಚಿಯಲ್ಲಿ ಕುಳಿತು ಕೈಪಿಡಿ ತೆರೆದರು.

"ಹದಿನಾಲ್ಕು ವರ್ಷ ಮಾಡಿದ ಕೆಲಸಕ್ಕೆ ಈಗ ಪುಸ್ತಕ ಓದ್ತೀರಾ?"

"ಮರೆತಿರಬಾರದಲ್ಲ."

ಅವರಿಗೆ ಬೇಕಾಗಿದ್ದದ್ದು ಇಷ್ಟೇ. ಕೆಲಸ ಬಿಡುವ ಮುಂಚೆ ಒಂದೇ ಒಂದು ಸಲ ನಿಜವಾದ ಟ್ಯಾಂಕನ್ನು ಹೇರಿ, ಸಾಗಿಸಿ, ಇಳಿಸಬೇಕು. ಅತ್ತೆ ಅದನ್ನು ಕಣ್ಣಾರೆ ನೋಡಬೇಕು. ಇಷ್ಟು ವರ್ಷ ಬಾಯಿಬಿಡದೆ ಆಡಿದ ಸುಳ್ಳು ಆ ಒಂದು ಬೆಳಿಗ್ಗೆಯಾದರೂ ನಿಜವಾಗಬೇಕು. ಕಪ್ಪುಚುಕ್ಕೆಯಿಲ್ಲದ ಸೇವಾಪುಸ್ತಕ ಇದ್ದವರಿಗೆ ಕೊನೆಯ ದಿನ ಒಂದು ಮೆಟ್ಟಿಲು ಮೇಲಿನ ಗೌರವ ಪದವಿಯನ್ನೂ ಬ್ಯಾಂಡಿನ ಬೀಳ್ಕೊಡುಗೆಯನ್ನೂ ಕೊಡುತ್ತಿದ್ದರು. ಮಾವನ ಪುಸ್ತಕದಲ್ಲಿ ಚುಕ್ಕೆಯಿರಲಿಲ್ಲ. ಗುಂಡಪ್ಪನ ಜೊತೆ ತಪ್ಪು ಮಾಡಲು ಅವಕಾಶವೇ ಸಿಗುತ್ತಿರಲಿಲ್ಲ.

ದಿನಾಚರಣೆಯ ಬೆಳಿಗ್ಗೆ ಮಾವ ಶೆಡ್ಡಿನಲ್ಲಿದ್ದ ಖಾಲಿ ಟ್ರೈಲರನ್ನು ಜೋಡಿಸಿಕೊಂಡು ಗೂಡ್ಸ್ ಕಟ್ಟೆಗೆ ಹೋದರು. ಘಟಕದಲ್ಲಿ ಅವರ ಜೊತೆಗಿದ್ದ ಇನ್ನೊಬ್ಬ ಚಾಲಕ ಬೇರೆ ಲಾರಿಯಲ್ಲಿ ಗುಂಡಪ್ಪನನ್ನು ಎಳೆದುಕೊಂಡು ನೇರ ಮೈದಾನದ ಹಿಂಬದಿಗೆ ಹೋದ. ಯಾವುದಕ್ಕೂ ಇರಲಿ ಎಂದು ದೊಡ್ಡ ಸಾಹೇಬರು ಹೇಳಿದ್ದರು.

"ಅಣ್ಣ, ಹುಷಾರು," ಎಂದಿದ್ದ ಆ ಜೊತೆ ಚಾಲಕ ಹೊರಡುವಾಗ, "ನಿಮ್ಮದು ಉಸಿರಾಡುತ್ತೆ!"

ನಿಜವಾದ ಟ್ಯಾಂಕಿನ ಜೊತೆ ಅದರ ಚಾಲಕ ಬಂದಿದ್ದ. ಗಿಡ್ಡ ಮನುಷ್ಯ, ಬಾಯ್ತುಂಬ ಕೊಂಕು. ಬೆಂಗಾವಲಿಗೆ ಜೀಪಿನಲ್ಲಿ ಒಬ್ಬ ಕಿರಿಯ ಅಧಿಕಾರಿ ಇದ್ದರು. ಘಟಕಕ್ಕೆ ಬಂದು ತಿಂಗಳಾಗಿತ್ತು. ಗುಂಡಪ್ಪನ ವಿಷಯವನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಹೊಸಬರಿಗೆ ಆರು ತಿಂಗಳಾದ ಮೇಲೆ ಹೇಳುವ ಪದ್ಧತಿ.

ಏರುಹಲಗೆ ಇಳಿಸಿ, ಮಾವ ಟ್ರೈಲರಿನ ಮೇಲೆ ನಿಂತು ಎರಡೂ ಕೈ ಎತ್ತಿದರು. ಒಳಗೆ ಕುಳಿತ ಟ್ಯಾಂಕ್ ಚಾಲಕನಿಗೆ ಪಟ್ಟಿ ಎಲ್ಲಿದೆ ಎಂದು ಕಾಣುವುದಿಲ್ಲ. ಎದುರಿಗೆ ನಿಂತವನ ಕೈಯೇ ಅವನ ಕಣ್ಣು. ಮಾವ ಹಿಂದಕ್ಕೆ ಒಂದೊಂದೇ ಹೆಜ್ಜೆ ಇಟ್ಟರು, ಟ್ಯಾಂಕು ಮುಂದಕ್ಕೆ ಒಂದೊಂದೇ ಗೇಣು ಬಂತು. ಹಲಗೆಯ ತುದಿಯಲ್ಲಿ ಅದರ ಮೂತಿ ಆಕಾಶ ನೋಡಿತು, ಒಂದು ಕ್ಷಣ ತೂಗಾಡಿತು, ಆಮೇಲೆ ಧಡ್ ಎಂದು ಟ್ರೈಲರಿನ ಮೇಲೆ ಬಿತ್ತು. ನಲವತ್ತು ಟಯರುಗಳೂ ಒಟ್ಟಿಗೆ ಉಬ್ಬಸಪಟ್ಟವು. ಮಾವನ ಅಂಗಾಲಿನಿಂದ ಹಲ್ಲಿನವರೆಗೆ ನಡುಕ ಹರಿಯಿತು.

ಟ್ಯಾಂಕ್ ಚಾಲಕ ತಲೆ ಹೊರಗೆ ಹಾಕಿದ. "ಎಷ್ಟು ವರ್ಷದ ಅನುಭವ ನಿಮಗೆ?"

"ಹದಿನಾಲ್ಕು."

"ಮತ್ತೆ ಮೊದಲ ಸಲ ನೋಡಿದವರ ಹಾಗೆ ನೋಡ್ತಿದ್ದೀರಲ್ಲ?"

ಮಾವ ಬಗ್ಗಿ ನಡುಗೆರೆಯಿಂದ ಅಳೆದರು. ಐದು ಬೆರಳು ಎಡಕ್ಕೆ. "ಇಳಿಸಿ ಮತ್ತೆ ಹತ್ತಿಸಿ," ಎಂದರು.

"ಎರಡು ಬೆರಳಿಗಾ? ಯಾರ್ರೀ ನೋಡ್ತಾರೆ!"

"ನಾನು ನೋಡಿದೆನಲ್ಲ."

ಎರಡನೆಯ ಸಲ ಎರಡೇ ಬೆರಳು ಸರಿದಿತ್ತು. ಮಾವ ಎಂಟು ಸರಪಳಿಗಳನ್ನು ಅಡ್ಡಡ್ಡ ಹಾಯಿಸಿ ಬಿಗಿದರು. ಹೊರಡುವಾಗ ಹತ್ತು ಗಂಟೆಗೆ ಹತ್ತು ನಿಮಿಷ ಬಾಕಿ ಇತ್ತು. ಕಿರಿಯ ಅಧಿಕಾರಿ ಗಡಿಯಾರ ನೋಡಿಕೊಂಡು ನಕ್ಕರು. "ಪರವಾಗಿಲ್ಲ, ಐವತ್ತೆಂಟು ನಿಮಿಷ ಸಾಕು. ಹತ್ತು ಐವತ್ತಕ್ಕೆ ಅಲ್ಲಿರ್ತೀವಿ."

ಐದನೆಯ ಕಿಲೋಮೀಟರಿನಲ್ಲಿ ಮಾವ ಲಾರಿ ನಿಲ್ಲಿಸಿದರು. ಜೀಪು ಮುಂದೆ ಹೋಗಿದ್ದದ್ದು ಹಿಂದಕ್ಕೆ ಬಂತು.

"ಏನು ಕೆಟ್ಟಿದೆ?"

"ಏನೂ ಕೆಟ್ಟಿಲ್ಲ ಸರ್. ಸರಪಳಿ ಬಿಗಿಯಬೇಕು."

"ಈಗ ತಾನೇ ಬಿಗಿದ್ರಲ್ಲ?"

"ಸಡಿಲವಾಗಿರುತ್ತೆ ಸರ್."

ಸಡಿಲವಾಗಿತ್ತು. ನಾಲ್ಕು ಸರಪಳಿಗಳು ಬಟ್ಟೆ ಒಣಹಾಕುವ ಹಗ್ಗದ ಹಾಗೆ ಜೋತಿದ್ದವು. ಮಾವ ಹನ್ನೆರಡು ನಿಮಿಷ ತೆಗೆದುಕೊಂಡರು. ಇಪ್ಪತ್ತನೆಯ ಕಿಲೋಮೀಟರಿನಲ್ಲಿ ಮತ್ತೆ ನಿಲ್ಲಿಸಿದಾಗ ಕಿರಿಯ ಅಧಿಕಾರಿಯ ನಗು ಹೋಗಿತ್ತು. ಜೀಪಿನಿಂದ ಒಂದು ಕಡತವನ್ನೇ ಹಿಡಿದುಕೊಂಡು ಬಂದರು.

"ನೋಡಿ, ನಾನು ಸುಮ್ಮನೆ ಸಮಯ ಗೊತ್ತು ಮಾಡಿಲ್ಲ. ನಿಮ್ಮದೇ ಲಾಗ್ ಪುಸ್ತಕ ಕೂತು ಓದಿದ್ದೀನಿ. ಹದಿನಾಲ್ಕು ವರ್ಷದಲ್ಲಿ ಏಳುನೂರು ಸಲ ಟ್ಯಾಂಕ್ ಸಾಗಿಸಿದ್ದೀರಿ. ಒಂದು ಸಲವೂ ದಾರಿಯಲ್ಲಿ ನಿಲ್ಲಿಸಿಲ್ಲ, ಒಂದು ಸಲವೂ ಸರಪಳಿ ಬಿಗಿದಿಲ್ಲ. ಹೋಗಿ ಬರೋ ದಾರಿಯೂ ಇಷ್ಟೇ ದೂರ, ಸರಾಸರಿ ಐವತ್ತೆಂಟು ನಿಮಿಷ. ಇದರ ಮೇಲೆಯೇ ಇಡೀ ವಿಭಾಗಕ್ಕೆ ಹೊಸ ವೇಳಾಪಟ್ಟಿ ಮಾಡಿ ಕಳಿಸಿದ್ದೀನಿ. ಇವತ್ತೇ ಯಾಕೆ ನಿಮಗೆ ಸರಪಳಿ ಮೇಲೆ ಪ್ರೀತಿ?"

ಮಾವನ ಬಳಿ ಉತ್ತರವಿತ್ತು, ಹೇಳುವ ಹಾಗಿರಲಿಲ್ಲ. ಆ ಏಳುನೂರು ಸಲವೂ ಹೊತ್ತದ್ದು ಕಲ್ಲು ಎಂದರೆ ಗುಟ್ಟಿನ ಕಾಗದ ಮುರಿದಂತೆ. ಕಲ್ಲು ಓಡಿದ ಸಮಯದಲ್ಲಿ ಟ್ಯಾಂಕು ಓಡಬೇಕು ಎಂದು ಈ ಓದಿದ ಹುಡುಗ ಕಡತ ತೋರಿಸಿ ಹೇಳುತ್ತಿದ್ದಾನೆ. ಮಾವನ ಸಹಿ ಪ್ರತಿ ಪುಟದಲ್ಲೂ ಇದೆ.

"ಇವತ್ತು ರಸ್ತೆ ಸರಿ ಇಲ್ಲ ಸರ್," ಎಂದಷ್ಟೇ ಹೇಳಿ ಸರಪಳಿ ಬಿಗಿಯುವ ತಿರುಪು ತಿರುಗಿಸಿದರು.

ಇಪ್ಪತ್ತೆಂಟನೆಯ ಕಿಲೋಮೀಟರಿನಲ್ಲಿ ಒಂದು ದೊಡ್ಡ ಇಳಿಜಾರು. ಅದರ ತಲೆಯಲ್ಲಿ ನಿಂತರೆ ಕೆಳಗೆ ಊರು ಕಾಣುತ್ತದೆ. ಇಳಿಜಾರಿನ ಬುಡದಲ್ಲಿ ರಸ್ತೆ ಬಲಕ್ಕೆ ಹೊರಳಿ ಪೇಟೆ ಬೀದಿಯಾಗುತ್ತದೆ. ಅಲ್ಲಿ ಶಾಲೆಯ ಮಕ್ಕಳನ್ನು ಬಾವುಟ ಕೊಟ್ಟು ಎರಡೂ ಬದಿ ನಿಲ್ಲಿಸಿದ್ದರು. ಮಾವ ಲಾರಿ ನಿಲ್ಲಿಸುವುದಕ್ಕೂ ಜೀಪಿನ ರೇಡಿಯೋ ಕಿರುಚುವುದಕ್ಕೂ ಸರಿಹೋಯಿತು. ಮಂತ್ರಿಗಳು ಬಂದಾಗಿದೆ, ಟ್ಯಾಂಕು ಎಲ್ಲಿ?

ಕಿರಿಯ ಅಧಿಕಾರಿ ಓಡಿ ಬಂದರು. "ಇಳೀಬೇಡಿ! ಗಾಡಿ ಬಿಡಿ! ಇದು ಆಜ್ಞೆ!"

ಮಾವ ಆಗಲೇ ಕೊನೆಯ ಮೆಟ್ಟಿಲಲ್ಲಿದ್ದರು. ಜೀವಮಾನದಲ್ಲಿ ಮೇಲಿನವರಿಗೆ ಎದುರು ಮಾತಾಡಿದವರಲ್ಲ.

"ಸರ್, ನೀವು ಒಂದು ಸಲ ಇಲ್ಲಿ ಬಂದು ನೋಡಿ. ನೋಡಿದ ಮೇಲೂ ಬಿಡು ಅಂದ್ರೆ, ನೀವು ನನ್ನ ಪಕ್ಕ ಕ್ಯಾಬಿನ್ನಿನಲ್ಲಿ ಕೂತ್ಕೊಳ್ಳಿ, ಬಿಡ್ತೀನಿ."

ಅಧಿಕಾರಿ ಬಗ್ಗಿ ನೋಡಿದರು. ಹಿಂದಿನ ಬಲಗಡೆಯ ಸರಪಳಿಯ ಕೊಂಡಿ ತೆರೆದುಕೊಂಡು, ತುದಿಯಲ್ಲಿ ಉಗುರಿನಷ್ಟು ಕಬ್ಬಿಣದ ಮೇಲೆ ನಿಂತಿತ್ತು. ಟ್ಯಾಂಕು ನಡುಗೆರೆಯಿಂದ ನಾಲ್ಕು ಬೆರಳು ಸರಿದಿತ್ತು. ಟ್ಯಾಂಕ್ ಚಾಲಕನೂ ಬಂದು ನೋಡಿದ, ಅವನ ಬಾಯಿಂದ ಕೊಂಕು ಬರಲಿಲ್ಲ. ಅವನು ಕೆಳಗಿನ ತಿರುವನ್ನೂ ಬಾವುಟಗಳನ್ನೂ ನೋಡಿ, "ಸರ್, ಇವರು ಹೇಳಿದಷ್ಟು ಹೊತ್ತು ಕೊಡಿ," ಎಂದ.

ಅಧಿಕಾರಿ ಕಡತವನ್ನು ಜೀಪಿನ ಸೀಟಿನ ಮೇಲೆ ಎಸೆದು, ತಾವೇ ಒಂದು ಸರಪಳಿ ಹಿಡಿದರು.

ಆ ಸರಪಳಿಯನ್ನು ಬಿಚ್ಚಿ, ಟ್ಯಾಂಕನ್ನು ನಡುಗೆರೆಗೆ ತಂದು, ಕೊಂಡಿ ಬದಲಾಯಿಸಿ, ಎಂಟನ್ನೂ ಹೊಸದಾಗಿ ಬಿಗಿಯಲು ನಲವತ್ತೈದು ನಿಮಿಷ ಹಿಡಿಯಿತು. ಆಮೇಲೆ ಮಾವ ಸೈಕಲ್ಲಿನ ವೇಗದಲ್ಲಿ ಇಳಿಜಾರು ಇಳಿದರು. ಮಕ್ಕಳು ಬಾವುಟ ಬೀಸಿ ಬೀಸಿ ಸುಸ್ತಾಗಿ, ಪಾದಚಾರಿ ಕಟ್ಟೆಯ ಮೇಲೆ ಕೂತು ನೋಡಿದರಂತೆ.

ಇತ್ತ ಮೈದಾನದಲ್ಲಿ ಮಂತ್ರಿಗಳು ಎರಡು ಸಲ ಕೆಮ್ಮಿದ್ದರು. ದೊಡ್ಡ ಸಾಹೇಬರು ಹಿಂಬದಿಗೆ ಸನ್ನೆ ಮಾಡಿದರು. ಗುಂಡಪ್ಪ ಟಾರ್ಪಾಲು ಹೊದ್ದುಕೊಂಡು, ಕೊಳವೆ ಚಾಚಿಕೊಂಡು, ವೇದಿಕೆಯ ಮುಂದೆ ಬಂದ. ಟಾರ್ಪಾಲು ಯಾಕೆ ಎಂದು ಮಂತ್ರಿಗಳು ಕೇಳಿದಾಗ, ಒಳಗಿರುವುದು ಅತ್ಯಂತ ಹೊಸ ಮಾದರಿ, ತೆರೆದು ತೋರಿಸುವಂತಿಲ್ಲ ಎಂದರಂತೆ. ಮಂತ್ರಿಗಳಿಗೆ ಭಾರೀ ಸಂತೋಷವಾಗಿ, ಟಾರ್ಪಾಲಿನ ಪಕ್ಕವೇ ನಿಂತು ಫೋಟೋ ತೆಗೆಸಿಕೊಂಡರು. ಗುಂಡಪ್ಪನಿಗೆ ಸೆಲ್ಯೂಟ್ ಹೊಡೆದರು. ಬ್ಯಾಂಡು ಬಾರಿಸಿತು.

ಡೇರೆಯಲ್ಲಿ ಅತ್ತೆ ಎದ್ದು ನಿಂತು ಕ್ಯಾಬಿನ್ನಿನೊಳಗೆ ಇಣುಕಿ ನೋಡಿದ್ದರು. ಒಳಗಿದ್ದದ್ದು ಜೊತೆ ಚಾಲಕ. ಪಕ್ಕದ ಕುರ್ಚಿಯಲ್ಲಿದ್ದ ಅವನ ಹೆಂಡತಿ, "ಅಯ್ಯೋ, ನಿಮ್ಮವರಿಗೆ ಕೊಡಲಿಲ್ವಾ ಅಕ್ಕಾ?" ಎಂದು ಮರುಕಪಟ್ಟಳು. ಅತ್ತೆಗೆ ಆ ಮರುಕವೇ ಹೆಚ್ಚು ಚುಚ್ಚಿತಂತೆ.

ಮಾವ ಮೈದಾನ ತಲುಪಿದಾಗ ಹನ್ನೆರಡೂವರೆ. ಮಂತ್ರಿಗಳು ಹೋಗಿದ್ದರು, ಡೇರೆ ಬಿಚ್ಚುತ್ತಿದ್ದರು. ಕೆಲಸದವರು ಕುರ್ಚಿ ಮಡಚಿ ಮಡಚಿ ಕೊನೆಗೆ ಅತ್ತೆ ಕುಳಿತ ಕುರ್ಚಿಯ ಹತ್ತಿರ ಬಂದು ನಿಂತಿದ್ದರು. "ನಮ್ಮವರು ಬರೋವರೆಗೂ ಇದನ್ನ ಕೊಡಲ್ಲ" ಎಂದು ಅತ್ತೆ ಹಟ ಹಿಡಿದಿದ್ದರು.

ಲಾರಿ ಮೈದಾನದ ಅಂಚಿನ ಕಾಲುವೆಯ ಉಬ್ಬನ್ನು ಹತ್ತಿ ಇಳಿಯಿತು. ಅತ್ತೆ ಕಣ್ಣು ಕಿರಿದು ಮಾಡಿ ಟ್ಯಾಂಕನ್ನೇ ನೋಡಿದರು. ಮಾವ ಇಳಿದು ಬಂದು ಅವರ ಮುಂದೆ ನಿಂತರು. ಕೈಯೆಲ್ಲ ಗ್ರೀಸು, ಒಂದು ಗೆಣ್ಣು ಒಡೆದು ರಕ್ತ.

"ತಡವಾಯ್ತು," ಎಂದರು.

ಅತ್ತೆ ಕೇಳಿದರು: "ಆವಾಗ ಬಂತಲ್ಲ, ಅದೂ ಇದೇ ಉಬ್ಬು ಹತ್ತಿಳೀತು. ಒಂಚೂರೂ ಅಲ್ಲಾಡಲಿಲ್ಲ. ಇದು ಅಲ್ಲಾಡ್ತು. ಯಾಕೆ?"

ಮಾವ ಗ್ರೀಸಿನ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡರು.

"ವಾರವಾರ ನೀವು ಸಾಗಿಸ್ತಿದ್ದದ್ದು ಇದಾ, ಅದಾ?"

ಸಹಿ ಹಾಕಿದ ಕಾಗದವನ್ನು ಮಾವ ಕೊನೆಯವರೆಗೂ ಮುರಿಯಲಿಲ್ಲ ಎಂಬುದನ್ನು ಇಲ್ಲಿ ಸ್ಪಷ್ಟವಾಗಿ ಬರೆಯಬೇಕು. ತಲೆ ತಗ್ಗಿಸಿದರು, ಅಷ್ಟೇ. ಇಪ್ಪತ್ತೈದು ವರ್ಷ ಒಟ್ಟಿಗೆ ಬಾಳಿದವರಿಗೆ ಅಷ್ಟು ಸಾಕು.

"ಅಯ್ಯೋ ದೇವರೇ," ಎಂದರು ಅತ್ತೆ. "ಅದಕ್ಕಾ ನಮ್ಮ ಬೀರುಗೆ ಎಂಟು ಹಗ್ಗ!" ನಗಲು ಹೋದವರು ನಗಲಿಲ್ಲ. ಎದ್ದು ಕುರ್ಚಿಯನ್ನು ತಾವೇ ಮಡಚಿ ಕೆಲಸದವನ ಕೈಗೆ ಕೊಟ್ಟರು. "ಇಳಿಸೋದು ಬಾಕಿ ಇದೆಯಲ್ಲ? ನಡೀರಿ, ಅದನ್ನಾದರೂ ನೋಡ್ತೀನಿ."

ಟ್ಯಾಂಕು ಇಳಿಯಿತು. ನೋಡಿದವರು ಅತ್ತೆ, ಎಂಟು ಜನ ಡೇರೆಯವರು, ಒಂದು ನಾಯಿ.

ಮರುದಿನ ಮಾವನನ್ನು ದೊಡ್ಡ ಸಾಹೇಬರ ಕೋಣೆಗೆ ಕರೆದರು. ಹೆಡ್ ಗುಮಾಸ್ತರು ಮೇಜಿನ ಮೇಲೆ ಎರಡು ಕಾಗದ ಇಟ್ಟಿದ್ದರು. ಮಂತ್ರಿಗಳನ್ನು ಕಾಯಿಸಿದ್ದು ಯಾರು ಎಂದು ಮೇಲಿನಿಂದ ಕೇಳಿದ್ದರು. ಆದರೆ ಸರಪಳಿ ಬಿಗಿಯಲೇಬೇಕಿತ್ತು ಎಂದು ಬರೆದರೆ, ಹದಿನಾಲ್ಕು ವರ್ಷ ಯಾಕೆ ಬಿಗಿಯಲಿಲ್ಲ ಎಂದು ಮುಂದಿನ ಪ್ರಶ್ನೆ ಬರುತ್ತದೆ.

"ನಿಮ್ಮ ಮೇಲೆ ನಮಗೆ ಅಭಿಮಾನ ಇದೆ," ಎಂದರು ಹೆಡ್ ಗುಮಾಸ್ತರು. "ಅದಕ್ಕೇ ಒಂದು ದಾರಿ ಹುಡುಕಿದ್ದೀನಿ. ಮಂತ್ರಿಗಳು ನೋಡಿದ್ದು ಟ್ಯಾಂಕು. ಅದು ಫೋಟೋದಲ್ಲೇ ಇದೆ, ಯಾರೂ ಅಲ್ಲ ಅನ್ನೋ ಹಾಗಿಲ್ಲ. ಹಾಗಾದ್ರೆ ನೀವು ತಡವಾಗಿ ತಂದದ್ದು ತಾತ್ಕಾಲಿಕ ಭಾರ. ಕಲ್ಲು ಅರ್ಧ ದಿನ ತಡವಾದರೆ ಯಾರಿಗೆ ನಷ್ಟ? ಈ ಕಾಗದಕ್ಕೆ ಸಹಿ ಹಾಕಿ. ಪುಸ್ತಕ ಹಾಗೇ ಶುಭ್ರ, ಗೌರವ ಪದವಿ, ಬ್ಯಾಂಡು, ಎಲ್ಲಾ ಆಗುತ್ತೆ."

"ಇನ್ನೊಂದು ಕಾಗದ?"

"ಅದು ನಿಮಗೆ ಬೇಡ. ಎಚ್ಚರಿಕೆ ಪತ್ರ. ಟ್ಯಾಂಕ್ ಸಾಗಿಸುವಾಗ ಅನಗತ್ಯವಾಗಿ ಮೂರು ಸಲ ನಿಲ್ಲಿಸಿ ತಡ ಮಾಡಿದಿರಿ ಅಂತ. ಪುಸ್ತಕಕ್ಕೆ ಚುಕ್ಕೆ ಬೀಳುತ್ತೆ, ಪದವಿ ಹೋಗುತ್ತೆ."

ಮಾವ ಎರಡನ್ನೂ ಪೂರ್ತಿ ಓದಿದರು. ಹದಿನಾಲ್ಕು ವರ್ಷದ ಕಲ್ಲನ್ನೆಲ್ಲ ಕಾಗದ ಟ್ಯಾಂಕು ಮಾಡಿತ್ತು. ಹೊತ್ತ ಒಂದೇ ಒಂದು ಟ್ಯಾಂಕನ್ನು ಈಗ ಕಲ್ಲು ಮಾಡಲು ಹೊರಟಿತ್ತು.

"ಎಚ್ಚರಿಕೆ ಪತ್ರವೇ ಕೊಡಿ," ಎಂದರು.

ಹೆಡ್ ಗುಮಾಸ್ತರು ದೊಡ್ಡ ಸಾಹೇಬರನ್ನು ನೋಡಿದರು. ಶಿಕ್ಷೆಯನ್ನು ಕೇಳಿ ಪಡೆಯುವವನಿಗೆ ಏನು ಮಾಡಬೇಕು ಎಂದು ಯಾವ ನಿಯಮದಲ್ಲೂ ಇರಲಿಲ್ಲ.

"ಒಂದು ಬದಲಾವಣೆ ಮಾತ್ರ," ಎಂದರು ಮಾವ. "ಅನಗತ್ಯವಾಗಿ ಅನ್ನೋದನ್ನ ತೆಗೀರಿ. ನಾಳೆ ಬೇರೆ ಚಾಲಕ ಇದನ್ನ ಓದಿ ನಿಲ್ಲಿಸದೇ ಹೋದರೆ ಕಷ್ಟ. 'ಮೂರು ಸಲ ನಿಲ್ಲಿಸಿ, ಸರಪಳಿ ಬಿಗಿದು, ತಡ ಮಾಡಿದ' ಅಂತ ಬರೀರಿ. ನಡೆದದ್ದು ಅದೇ."

"ತಡ ಮಾಡಿದ ಅನ್ನೋದು ಇರುತ್ತಲ್ಲ?" ಎಂದು ದೊಡ್ಡ ಸಾಹೇಬರು ಕೇಳಿದರು.

"ಇರಲಿ ಸರ್."

"ಹಾಗಾದ್ರೆ ಸರಿ. ಟೈಪ್ ಮಾಡಿ."

ಆ ವಾರವೇ ಕಿರಿಯ ಅಧಿಕಾರಿ ತಮ್ಮ ವೇಳಾಪಟ್ಟಿಯನ್ನು ಹಿಂದಕ್ಕೆ ತರಿಸಿಕೊಂಡು, ಐವತ್ತೆಂಟು ನಿಮಿಷ ಇದ್ದ ಕಡೆ ಎರಡೂವರೆ ಗಂಟೆ ಎಂದು ತಿದ್ದಿ ಕಳುಹಿಸಿದರು. ಮೇಲಿನವರು ಓದದೆಯೇ ಸಹಿ ಹಾಕಿದ್ದರಿಂದ ಅದು ಸುಲಭವಾಗಿ ಜಾರಿಯಾಯಿತು.

ಮಾವ ನಿವೃತ್ತರಾದ ದಿನ ಬ್ಯಾಂಡು ಇರಲಿಲ್ಲ. ಮಧ್ಯಾಹ್ನ ಬಸ್ಸಿನಲ್ಲಿ ಬಂದರು, ಚೀಲದಲ್ಲಿ ಒಂದು ಜೊತೆ ಬಟ್ಟೆ ಮತ್ತು ಆ ಪತ್ರ. ಅತ್ತೆ ಕನ್ನಡಕ ಹಾಕಿಕೊಂಡು ಪತ್ರವನ್ನು ಗಟ್ಟಿಯಾಗಿ ಓದಿದರು. ಟ್ಯಾಂಕಿನ ಸಂಖ್ಯೆ, ದಿನಾಂಕ, ಚಾಲಕನ ಹುದ್ದೆ, ಕೆಳಗೆ ದೊಡ್ಡ ಸಾಹೇಬರ ಮೊಹರು, ಎಲ್ಲ ಇತ್ತು.

"ಮೂರು ಸಲ ಅಂತ ಬರೆದಿದ್ದಾರೆ. ನೀವು ನಾಲ್ಕು ಸಲ ನಿಲ್ಲಿಸಿದೆ ಅಂದಿದ್ರಲ್ಲ ರೀ?"

"ನಾಲ್ಕನೆಯದು ಇಳಿಜಾರು ಇಳಿದ ಮೇಲೆ. ಸುಮ್ಮನೆ."

"ಸುಮ್ಮನೆ ಯಾಕೆ?"

"ಕಾಲು ನಡುಗ್ತಿತ್ತು ಕಣೇ. ಹೇಗೂ ನಿಲ್ಲಿಸಿದ್ದೀನಲ್ಲ ಅಂತ ಕೆಳಗಿಳಿದು ಅದನ್ನ ಒಂದು ಸುತ್ತು ನೋಡಿಕೊಂಡು ಬಂದೆ."